ಮೇಲ್ಮೈ ವಿಸ್ತೀರ್ಣ ಜಾಸ್ತಿ ಬಂದರೂ ನನ್ನ ಕಾರ್ಬನ್ ಇಂಗಾಲದ ಡೈಆಕ್ಸೈಡನ್ನು ಯಾಕೆ ಕಡಿಮೆ ಹೀರುತ್ತಿದೆ?

ಮರದ ಪುಡಿಯಿಂದ ಇದ್ದಿಲು ಮಾಡಿ, ಅದರ ನಾಲ್ಕು ಪಟ್ಟು ತೂಕದ ಕೆಓಹೆಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಇದ್ದಿಲಿನಲ್ಲಿ ಸಣ್ಣ ಸಣ್ಣ ರಂಧ್ರ ಕೊರೆಯುವ ಕ್ಷಾರ) ಬೆರೆಸಿ, 800 ಡಿಗ್ರಿಯಲ್ಲಿ ಕಾಯಿಸಿದ್ದೀರಿ. ಗ್ರಾಂಗೆ 2800 ಚದರ ಮೀಟರ್ ಮೇಲ್ಮೈ ಬಂದಿದೆ. ಆದರೆ 25 ಡಿಗ್ರಿ, 1 ಬಾರ್ ಒತ್ತಡದಲ್ಲಿ ಹೀರಿಕೆ ಗ್ರಾಂಗೆ 2.5 ಮಿಲಿಮೋಲ್ ದಾಟುತ್ತಿಲ್ಲ. ಇನ್ನೂ ಜಾಸ್ತಿ ಕೆಓಹೆಚ್ ಹಾಕಬೇಕಾ ಅಂತ ಕೇಳಿದ್ದೀರಿ. ಬೇಡ, ಕಡಿಮೆ ಮಾಡಿ.

ಸಂಶೋಧನೆಗೆ ಸೇರಿದ ಹೊಸದರಲ್ಲಿ ನಾನೂ ಸುಮಾರು ಒಂದು ವರ್ಷ ಮೇಲ್ಮೈ ವಿಸ್ತೀರ್ಣದ ಹಿಂದೆಯೇ ಬಿದ್ದಿದ್ದೆ. 3000 ಮುಟ್ಟಿದ ದಿನ ತುಂಬಾ ಖುಷಿಪಟ್ಟೆ. ಆಮೇಲೆ ನೋಡಿದರೆ, ಅದರ ಅರ್ಧದಷ್ಟು ಮೇಲ್ಮೈ ಇದ್ದ ಹಳೆಯ ಮಾದರಿಯೇ ಹೆಚ್ಚು ಅನಿಲ ಹಿಡಿದಿತ್ತು.

ಕಾರಣ ರಂಧ್ರದ ಅಗಲ. ಇಂಗಾಲದ ಡೈಆಕ್ಸೈಡ್ ಅಣುವಿನ ಅಡ್ಡಳತೆ ಸುಮಾರು 0.33 ನ್ಯಾನೊಮೀಟರ್. ರಂಧ್ರ 0.7 ನ್ಯಾನೊಮೀಟರ್‌ಗಿಂತ ಕಿರಿದಾಗಿದ್ದರೆ, ಇಕ್ಕಟ್ಟಾದ ಓಣಿಯಲ್ಲಿ ಎರಡು ಗೋಡೆಗಳ ನಡುವೆ ನಿಂತ ಹಾಗೆ, ಅಣುವನ್ನು ಎರಡೂ ಬದಿಯ ಕಾರ್ಬನ್ ಒಟ್ಟಿಗೆ ಎಳೆಯುತ್ತದೆ. ರಂಧ್ರ 2-3 ನ್ಯಾನೊಮೀಟರ್ ಆದರೆ ಒಂದೇ ಗೋಡೆಯ ಹಿಡಿತ. ಕೋಣೆಯ ಉಷ್ಣತೆಯಲ್ಲಿ, 1 ಬಾರ್‌ನಲ್ಲಿ ಅದು ಸಾಲದು, ಅಣು ಬಿಟ್ಟು ಹೊರಡುತ್ತದೆ. ಅಗಲ ರಂಧ್ರಗಳು ಕೆಲಸಕ್ಕೆ ಬರುವುದು ಹತ್ತಾರು ಬಾರ್ ಒತ್ತಡದಲ್ಲಿ.

ಕೆಓಹೆಚ್ ಜಾಸ್ತಿ ಆದಾಗ, ಶಾಖವೂ ಏರಿದಾಗ, ಅದು ಮೊದಲು ಕೊರೆದ ಸಣ್ಣ ರಂಧ್ರಗಳನ್ನೇ ತಿಂದು ಅಗಲ ಮಾಡುತ್ತದೆ. ಜೊತೆಗೆ ಕಾರ್ಬನ್ನೂ ಉರಿದು ಹೋಗಿ ಇಳುವರಿ ಇಳಿಯುತ್ತದೆ. ಹಾಗಾಗಿ ಇದ್ದಿಲಿನ ಎರಡೇ ಪಟ್ಟು ತೂಕದ ಕೆಓಹೆಚ್, 600ರಿಂದ 700 ಡಿಗ್ರಿ, ಒಂದು ಗಂಟೆ ಇಟ್ಟು ನೋಡಿ. ಮೇಲ್ಮೈ 1200-1500ಕ್ಕೆ ಇಳಿದರೆ ಹೆದರಬೇಡಿ. ಇಂಥ ಸೌಮ್ಯ ಪಾಕದಲ್ಲೇ 4 ಮಿಲಿಮೋಲ್ ದಾಟಿದ ಕಾರ್ಬನ್‌ಗಳಿವೆ. ಅಂದರೆ ಗ್ರಾಂಗೆ 176 ಮಿಲಿಗ್ರಾಂ.

ಒಂದು ಎಚ್ಚರಿಕೆ ಹೇಳಲೇಬೇಕು. ಹೆಚ್ಚು ಶಾಖದಲ್ಲಿ ಪೊಟ್ಯಾಸಿಯಂ ಲೋಹ ಹುಟ್ಟುತ್ತದೆ, ಆವಿಯಾಗಿ ಕುಲುಮೆಯ ಕೊಳವೆಯ ತಣ್ಣನೆಯ ತುದಿಯಲ್ಲಿ ಕೂರುತ್ತದೆ. ನೀರು ತಾಗಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಸಾರಜನಕದ ಹರಿವಿನಲ್ಲೇ ಪೂರ್ತಿ ತಣ್ಣಗಾಗಲು ಬಿಡಿ, ಅವಸರ ಮಾಡಬೇಡಿ. ಕೊಳವೆಯನ್ನು ತೊಳೆಯುವ ಮುಂಚೆ ಪ್ರಯೋಗಾಲಯದ ಅನುಭವಿಗಳನ್ನು ಕೇಳಿ. ಕಾರ್ಬನ್ನನ್ನು ಆಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ನಂತರ ನೀರಿನಲ್ಲಿ, ಪಿಹೆಚ್ 7ಕ್ಕೆ ಬರುವ ತನಕ ತೊಳೆಯಿರಿ. ಉಪ್ಪು ಉಳಿದರೆ ಸಣ್ಣ ರಂಧ್ರಗಳೇ ಮೊದಲು ಮುಚ್ಚಿಕೊಳ್ಳುತ್ತವೆ.

ಅಳತೆಯಲ್ಲೂ ಒಂದು ಮೋಸ ಇದೆ. ಮೇಲ್ಮೈ ಅಳೆಯಲು ನೀವು ಬಳಸಿದ್ದು ಮೈನಸ್ 196 ಡಿಗ್ರಿಯ ಸಾರಜನಕ, ಅಲ್ವಾ? ಆ ಚಳಿಯಲ್ಲಿ ಅದು ಅತಿ ಕಿರಿದಾದ ರಂಧ್ರಗಳೊಳಗೆ ನುಸುಳುವುದೇ ಇಲ್ಲ. ನಿಮಗೆ ಬೇಕಾದ ರಂಧ್ರಗಳೇ ಲೆಕ್ಕಕ್ಕೆ ಸಿಗುವುದಿಲ್ಲ. 0 ಡಿಗ್ರಿಯಲ್ಲಿ ಇಂಗಾಲದ ಡೈಆಕ್ಸೈಡನ್ನೇ ಬಳಸಿ ಇನ್ನೊಮ್ಮೆ ಅಳೆಯಿರಿ.

ಯೂರಿಯಾ ಹಾಕಿ ಕಾರ್ಬನ್ನಿಗೇ ಸಾರಜನಕ ಸೇರಿಸಿದರೆ ಹೇಗೆ ಅಂತಲೂ ಕೇಳಿದ್ದೀರಿ. ಸೇರಿಸಬಹುದು, ಹಿಡಿತ ಸ್ವಲ್ಪ ಬಿಗಿಯಾಗುತ್ತದೆ. ಆದರೆ ಯೂರಿಯಾ ರಂಧ್ರಗಳ ಅಳತೆಯನ್ನೂ ಬದಲಿಸುತ್ತದೆ, ಹಾಗಾಗಿ ಲಾಭ ಯಾವುದರಿಂದ ಬಂತು ಅಂತ ಹೇಳುವುದು ಕಷ್ಟ. ನನ್ನ ಮಟ್ಟಿಗೆ ರಂಧ್ರ ಮೊದಲು, ಸಾರಜನಕ ಆಮೇಲೆ.

ಇನ್ನು, 1 ಬಾರ್‌ನ ಅಂಕಿಯನ್ನಷ್ಟೇ ಬರೆದು ಸುಮ್ನೆ ಕೂರಬೇಡಿ. ಕಲ್ಲಿದ್ದಲು ಸ್ಥಾವರದ ಹೊಗೆಯಲ್ಲಿ ಈ ಅನಿಲ ಇರುವುದು ಶೇ. 12-15 ಮಾತ್ರ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಸಾರಜನಕ. ಜೊತೆಗೆ ನೀರಾವಿ. ಆದ್ದರಿಂದ ಹೊಗೆಯಲ್ಲಿ ಈ ಅನಿಲದ ಪಾಲಿನ ಒತ್ತಡವಾದ 0.15 ಬಾರ್‌ನಲ್ಲಿ ಎಷ್ಟು ಹೀರುತ್ತದೆ, ಸಾರಜನಕವನ್ನು ಎಷ್ಟು ದೂರ ಇಡುತ್ತದೆ, ಹತ್ತಿಪ್ಪತ್ತು ಸಲ ಹೀರಿ ಬಿಟ್ಟ ಮೇಲೂ ಹಾಗೇ ಇರುತ್ತದಾ ಅಂತ ನೋಡಿ. ಹೊಸ ಮಾದರಿ ಮಾಡುವ ಮೊದಲು, ಕೈಯಲ್ಲಿರುವ ಈ 2800ರ ಮಾದರಿಯನ್ನೇ 0.15 ಬಾರ್‌ನಲ್ಲಿ ಅಳೆದು ಅಂಕಿ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.