ಹೊಟ್ಟೆ ತುಂಬ ಹಾಲಿದ್ದರೆ ಊಟ ಎಲ್ಲಿ ಸೇರೀತು?

ಪ್ರಶ್ನೆ: ಮಗನಿಗೆ 14 ತಿಂಗಳು. ದಿನಕ್ಕೆ ಐದು ಬಾಟಲಿ ಹಸುವಿನ ಹಾಲು ಕುಡಿಯುತ್ತಾನೆ, ಒಂದೊಂದೂ 200 ಮಿ.ಲೀ. ತಟ್ಟೆ ಕಂಡರೆ ಮುಖ ತಿರುಗಿಸುತ್ತಾನೆ. ಹಾಲು ಕಡಿಮೆ ಮಾಡೋಣ ಎಂದರೆ ಅತ್ತೆ, ‘ಮಗುವನ್ನು ಉಪವಾಸ ಕೆಡವುತ್ತೀಯಾ?’ ಎನ್ನುತ್ತಾರೆ. ಈಚೆಗೆ ಮಗು ಬಿಳಿಚಿಕೊಂಡಂತೆ ಕಾಣುತ್ತದೆ. ನಾನು ಯೋಚಿಸುತ್ತಿರುವುದು ತಪ್ಪೇ?

ಉತ್ತರ: ತಪ್ಪಲ್ಲ. ಆದರೆ ಅತ್ತೆಯವರ ಮಾತು ಆಮೇಲಿರಲಿ, ಮಗು ಬಿಳಿಚಿದೆ ಎಂದಿರಲ್ಲ, ಮೊದಲು ಅದನ್ನು ನೋಡಿ, ಅದು ರಕ್ತಹೀನತೆ ಇರಬಹುದು. ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ, ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಪರೀಕ್ಷೆಯೂ ಬೇಕೇ ಎಂದು ಕೇಳಿ. ಹಿಮೋಗ್ಲೋಬಿನ್ ಇಳಿಯುವ ಮೊದಲೇ ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ ಬರಿದಾಗಿರುತ್ತದೆ. ಅದು ತಿಳಿಯುವುದು ಫೆರಿಟಿನ್‌ನಿಂದ.

ಒಂದು ಲೀಟರ್ ಹಸುವಿನ ಹಾಲಿನಲ್ಲಿರುವ ಕಬ್ಬಿಣಾಂಶ ಅರ್ಧ ಮಿಲಿಗ್ರಾಂ ಆಸುಪಾಸು. ಮಗುವಿಗೆ ದಿನಕ್ಕೆ ಬೇಕಾದ್ದು ಸುಮಾರು 7 ಮಿಲಿಗ್ರಾಂ. ಸಾಲದ್ದಕ್ಕೆ, ಬೇರೆ ಆಹಾರದಿಂದ ಸಿಗುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಹಾಲಿನ ಕ್ಯಾಲ್ಸಿಯಂ ಅಡ್ಡಿ ಮಾಡುತ್ತದೆ. ಇನ್ನು ಅವನು ಕುಡಿಯುವ ಒಂದು ಲೀಟರ್ ಗಟ್ಟಿ ಹಾಲಿನಲ್ಲಿ 600ಕ್ಕೂ ಹೆಚ್ಚು ಕ್ಯಾಲೊರಿ ಇರುತ್ತದೆ. ಅವನಿಗೆ ಇಡೀ ದಿನಕ್ಕೆ ಬೇಕಾದದ್ದೇ ಸುಮಾರು 900. ಅವನು ಹಟ ಮಾಡುತ್ತಿಲ್ಲ, ಅವನಿಗೆ ಹಸಿವೇ ಆಗುತ್ತಿಲ್ಲ.

ದಿನದ ಹಾಲು 400ರಿಂದ 500 ಮಿ.ಲೀ.ಗೆ ಇಳಿಯಲಿ, ಅದೂ ಬಾಟಲಿಯಲ್ಲಲ್ಲ, ಲೋಟದಲ್ಲಿ. ಒಂದೇ ದಿನಕ್ಕೆ ಬಿಡಿಸಬೇಡಿ. ಊಟಕ್ಕೆ ಮುಂಚಿನ ಬಾಟಲಿ ಮೊದಲು ಹೋಗಲಿ, ಮೂರು ದಿನ ಬಿಟ್ಟು ಇನ್ನೊಂದು. ರಾತ್ರಿಯದು ಕೊನೆಗೆ: ಎರಡು ರಾತ್ರಿಗೊಮ್ಮೆ 30 ಮಿ.ಲೀ. ಕಡಿಮೆ ಮಾಡುತ್ತ ಬನ್ನಿ. ಬಾಟಲಿ ಚೀಪುತ್ತಲೇ ನಿದ್ದೆಹೋಗುವ ಮಕ್ಕಳ ಮುಂದಿನ ಹಲ್ಲು ಬೇಗ ಹುಳುಕಾಗುತ್ತದೆ. ಹಾಲಿನ ಜಾಗಕ್ಕೆ ಜ್ಯೂಸ್ ತರಬೇಡಿ, ಬಹಳ ಮಂದಿ ಎಡವುವುದು ಇಲ್ಲೇ. ನಡುವೆ ಬಾಯಾರಿದರೆ ನೀರು ಸಾಕು.

ಮೂರು ಊಟ, ಎರಡು ಸಲ ತಿಂಡಿ, ನಡುವೆ ಎರಡರಿಂದ ಮೂರು ಗಂಟೆ ಬಿಡುವು. ಮಾಂಸದ ಕಬ್ಬಿಣಾಂಶ ಸುಲಭವಾಗಿ ಮೈಗೆ ಹತ್ತುತ್ತದೆ. ಬೇಳೆಕಾಳು, ಸೊಪ್ಪು ಕೊಡುವಾಗ ಜೊತೆಗೆ ನಾಲ್ಕು ಹನಿ ನಿಂಬೆರಸವೋ ಕಿತ್ತಳೆ ತೊಳೆಯ ಚೂರೋ ಇರಲಿ. ಶುರುವಿಗೆ ಎರಡು ಚಮಚವಷ್ಟೇ ಬಡಿಸಿ, 20 ನಿಮಿಷಕ್ಕೆ ತಟ್ಟೆ ಎತ್ತಿಬಿಡಿ. ತುರುಕಬೇಡಿ, ಮೊಬೈಲ್ ತೋರಿಸಿ ತಿನ್ನಿಸಲೂಬೇಡಿ. ಇವತ್ತು ಉಗುಳಿದ್ದನ್ನು ಮೂರು ದಿನ ಬಿಟ್ಟು ಮತ್ತೆ ಕೊಡಿ. ಒಂದು ರುಚಿ ಒಗ್ಗಲು ಹತ್ತು ಸಲವಾದರೂ ಬೇಕಾಗಬಹುದು.

ವೈದ್ಯರು ಕಬ್ಬಿಣಾಂಶದ ಹನಿ ಬರೆದುಕೊಟ್ಟರೆ ಹಾಲಿನ ಜೊತೆ ಕೊಡಬೇಡಿ, ಅಳತೆ ಮೀರಬೇಡಿ, ಮಗುವಿನ ಕೈಗೆಟುಕದಂತೆ ಇಡಿ. ಮಲ ಕಪ್ಪಾದರೆ ಗಾಬರಿ ಬೇಡ.

ಅತ್ತೆಯವರ ಜೊತೆ ವಾದಕ್ಕೆ ನಿಲ್ಲಬೇಡಿ. ವೈದ್ಯರ ಬಳಿಗೆ ಅವರನ್ನೂ ಕರೆದೊಯ್ಯಿರಿ. ಸೊಸೆ ಹೇಳಿದರೆ ಹಿಡಿಸದ ಲೆಕ್ಕ ಅಲ್ಲಿ ಹಿಡಿಸಬಹುದು. ಸಂಜೆಯ ತಿಂಡಿ ತಿನ್ನಿಸುವುದು ಅವರ ಪಾಲಿಗಿರಲಿ. ಮೊದಲ ಮೂರ್ನಾಲ್ಕು ದಿನ ಮಗು ಅಳುತ್ತಾನೆ, ಅದನ್ನು ಅವರಿಗೆ ಮೊದಲೇ ಹೇಳಿಡಿ. ಆಟ ಎಂದಿನಂತಿದ್ದು, ಮೂತ್ರ ಸರಿಯಾಗಿ ಹೋಗುತ್ತಿದ್ದರೆ ಅದು ಉಪವಾಸದ ಅಳುವಲ್ಲ.