ಉಕ್ಕಿಗಾಗಿ ಕಾದ ಫುಟ್‌ಬಾಲ್ ಆಟಗಾರ

ಪ್ರಿಯ ಓದುಗರೇ,

1905ರ ನೆದರ್‌ಲ್ಯಾಂಡ್ಸ್ ಫುಟ್‌ಬಾಲ್ ತಂಡದ ಬಗ್ಗೆ ನಾವು ಬರೆದಿದ್ದನ್ನು ಓದಿ ನೀವು ಕೇಳಿದ್ದೀರಿ: ‘ಆಗ ಆಟಗಾರರಿಗೆ ಸಂಬಳ ಇರಲಿಲ್ಲ ಅಂತೀರಿ. ಹಾಗಾದರೆ ಆಟ ಬಿಟ್ಟ ಮೇಲೆ ಅವರೆಲ್ಲ ಏನಾದರು?’

ಎಲ್ಲರ ಕಥೆಗೆ ಇಲ್ಲಿ ಜಾಗ ಸಾಲದು. ನನ್ನ ಮನಸ್ಸಿಗೆ ತುಂಬಾ ಹತ್ತಿರವಾದ ಡಾಲ್ಫ್ ಕೆಸ್ಲರ್ ಬಗ್ಗೆ ಹೇಳುತ್ತೇನೆ.

ಹುಟ್ಟಿದ್ದು 1884ರಲ್ಲಿ. ತಂದೆ ರಾಯಲ್ ಡಚ್ ಎಣ್ಣೆ ಕಂಪನಿಯ ಮುಖ್ಯಸ್ಥರಾಗಿದ್ದವರು. ಮಗ ಆಡಿದ್ದು ಹೇಗ್ ನಗರದ ಎಚ್‌ವಿವಿ ಕ್ಲಬ್‌ಗೆ. ಆ ಕ್ಲಬ್ ಶುರುವಾಗಿದ್ದು ಕ್ರಿಕೆಟ್‌ನಿಂದ, ಗೊತ್ತಾ? ದೇಶದ ತಂಡಕ್ಕೆ ಡಾಲ್ಫ್ ಆಡಿದ್ದು ಬೆರಳೆಣಿಕೆಯ ಪಂದ್ಯಗಳು ಮಾತ್ರ. ಅದೇ ಮನೆತನದ ಇನ್ನೂ ಮೂವರು ಮುಂದೆ ಆ ಅಂಗಿ ತೊಟ್ಟರು. ಡಾಲ್ಫ್ ಎಂಜಿನಿಯರ್ ಆದರು.

ಮೊದಲ ಮಹಾಯುದ್ಧದಲ್ಲಿ ನೆದರ್‌ಲ್ಯಾಂಡ್ಸ್ ಯಾರ ಕಡೆಗೂ ಸೇರಲಿಲ್ಲ. ಆದರೂ ಹೊರಗಿನಿಂದ ಬರುತ್ತಿದ್ದ ಕಬ್ಬಿಣ, ಉಕ್ಕಿಗೆ ಪರದಾಡಬೇಕಾಯಿತು. ಹಡಗು ಕಟ್ಟುವ ದೇಶಕ್ಕೆ ಉಕ್ಕಿಲ್ಲದಿದ್ದರೆ ಹೇಗೆ? ನಮ್ಮದೇ ಕಾರ್ಖಾನೆ ಬೇಕು ಎಂದು ಹೊರಟವರಲ್ಲಿ ವೆಂಕೆಬಾಕ್ ಎಂಬ ಎಂಜಿನಿಯರ್ ಮುಂದಿದ್ದರು. ಅವರ ಜೊತೆ ನಿಂತವರು ಕೆಸ್ಲರ್. 1918ರ ಸೆಪ್ಟೆಂಬರ್‌ನಲ್ಲಿ ಕಂಪನಿ ಹುಟ್ಟಿತು. ಸರ್ಕಾರ 75 ಲಕ್ಷ ಗಿಲ್ಡರ್ (ಆಗಿನ ಡಚ್ ಹಣ) ಹಾಕಿತು, ಆಮ್‌ಸ್ಟರ್‌ಡ್ಯಾಮ್ ನಗರಸಭೆ 50 ಲಕ್ಷ. ದೇಶದಲ್ಲಿ ಹೇಳಿಕೊಳ್ಳುವಂಥ ಅದಿರಿರಲಿಲ್ಲ. ಅದಕ್ಕೇ ಅದಿರಿನ ಹಡಗು ನೇರ ಬಂದು ನಿಲ್ಲುವಂತೆ ಸಮುದ್ರದ ಬಾಯಲ್ಲೇ, ಐಮೌಡನ್‌ನ ಮರಳು ದಿಬ್ಬಗಳಲ್ಲಿ ಜಾಗ ಹಿಡಿದರು.

ಕಷ್ಟ ಶುರುವಾಗಿದ್ದು ಆಮೇಲೆ. ಯುದ್ಧ ಮುಗಿದು ಉಕ್ಕಿನ ಬೆಲೆ ಬಿತ್ತು. ಅದಿರು ಕರಗಿಸಿ ಕಬ್ಬಿಣ ತೆಗೆಯುವ ಮೊದಲ ಊದುಕುಲುಮೆ ಉರಿದಿದ್ದು 1924ರಲ್ಲಿ. ಅದರಿಂದ ಬಂದಿದ್ದು ಬರೀ ಬೀಡು ಕಬ್ಬಿಣ, ಅಂದರೆ ಇನ್ನೂ ಉಕ್ಕಾಗದ ಒರಟು ಕಬ್ಬಿಣ. ಕಂಪನಿಯ ಹೆಸರಲ್ಲೇ ‘ಉಕ್ಕಿನ ಕಾರ್ಖಾನೆ’ ಎಂದಿತ್ತು, ಉಕ್ಕು ಮಾತ್ರ ಇಲ್ಲ! ನಿರ್ದೇಶಕರಾಗಿದ್ದ ಕೆಸ್ಲರ್ ಮತ್ತು ಸಂಗಡಿಗರು ಕೈಚೆಲ್ಲಲಿಲ್ಲ. ಕಲ್ಲಿದ್ದಲನ್ನು ಕಾಯಿಸಿ ಕುಲುಮೆಗೆ ಬೇಕಾದ ಕೋಕ್ ಮಾಡುವ ಒಲೆಯ ಗ್ಯಾಸನ್ನು ಸುತ್ತಲಿನ ಊರುಗಳಿಗೆ ಮಾರಿದರು. ಅದೇ ಗ್ಯಾಸಿನಿಂದ ಗೊಬ್ಬರ, ಕುಲುಮೆಯಲ್ಲಿ ಉಳಿಯುವ ಕಿಟ್ಟದಿಂದ ಸಿಮೆಂಟು. ಹೀಗೆ ಕಾರ್ಖಾನೆಯನ್ನು ಬದುಕಿಸಿಕೊಂಡರು. ಅಲ್ಲಿ ಉಕ್ಕು ತಯಾರಾಗಿದ್ದು 1939ರಲ್ಲಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಯುವುದು ಸುಮ್ನೆ ಮಾತಲ್ಲ. ಅವರು ಆಡಿದ ಪಂದ್ಯಗಳಿಗಿಂತ ಈ ಕಾಯುವಿಕೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ಮರುವರ್ಷವೇ ಜರ್ಮನ್ ಸೈನ್ಯ ದೇಶದೊಳಗೆ ನುಗ್ಗಿತು. ಬಿಡುಗಡೆಯಾದದ್ದು 1945ರ ಮೇ ತಿಂಗಳಲ್ಲಿ. ಅದೇ ಆಗಸ್ಟ್‌ನಲ್ಲಿ ಕೆಸ್ಲರ್ ತೀರಿಕೊಂಡರು.

ಐಮೌಡನ್‌ನ ಕುಲುಮೆಗಳು ಆಮೇಲೂ ಉರಿದವು. 2007ರಿಂದ ಆ ಕಾರ್ಖಾನೆ ನಮ್ಮ ಟಾಟಾ ಸ್ಟೀಲ್‌ನದು.

— ಸಂಪಾದಕ