ಜಪಾನಿನ ಹಳೆ ಬಟ್ಟೆಪೆಟ್ಟಿಗೆ: ಕಬ್ಬಿಣದ ಅಲಂಕಾರ ಜಾಸ್ತಿ ಇದ್ದರೆ ಅದೇ ಹಳೆಯದಾ?

ಜಪಾನಿನ ಸೆಂಡೈ ಊರಿನ ಅಂಗಡಿಯಲ್ಲಿ ನೀವು ಎರಡು ತಾನ್ಸು, ಅಂದರೆ ಡ್ರಾಯರು ಇರುವ ಮರದ ಬಟ್ಟೆಪೆಟ್ಟಿಗೆ, ನೋಡಿದ್ದೀರಿ: ಒಂದು ಸಾದಾ, ಇನ್ನೊಂದು ಅಲಂಕಾರದ್ದು. ಮುಂಭಾಗದ ತುಂಬ ಕಬ್ಬಿಣದ ಡ್ರ್ಯಾಗನ್, ಸಿಂಹ, ಹೂವು ಇರುವುದೇ ಹೆಚ್ಚು ಹಳೆಯದು, ಅದಕ್ಕೇ ಬೆಲೆ ಜಾಸ್ತಿ ಅಂತ ಅಂಗಡಿಯವರು ಹೇಳಿದರು ಅಂದಿರಿ. ಆ ಒಂದು ಮಾತು ನಂಬಿ ದುಡ್ಡು ಕೊಡಬೇಡಿ. ಎಷ್ಟೋ ಸಲ ವಿಷಯ ಇದಕ್ಕೆ ಉಲ್ಟಾ ಇರುತ್ತದೆ.

1868ಕ್ಕೆ ಮುಂಚೆ, ಅಂದರೆ ಎಡೊ ಕಾಲದಲ್ಲಿ, ಯಾರು ಎಷ್ಟು ಆಡಂಬರ ಮಾಡಬಹುದು ಅನ್ನುವುದಕ್ಕೂ ಕಟ್ಟುಪಾಡು ಇತ್ತು. ಕಬ್ಬಿಣವನ್ನು ಕಮ್ಮಾರ ಕೈಯಲ್ಲೇ ಬಡಿದು ತಗಡು ಮಾಡಬೇಕಿತ್ತು. ಹಾಗಾಗಿ ಆ ಕಾಲದ ಪೆಟ್ಟಿಗೆಗಳಲ್ಲಿ ಕಬ್ಬಿಣ ದಪ್ಪ, ಆದರೆ ಕಡಿಮೆ. ಮೂಲೆಗೆ ಪಟ್ಟಿ, ಬೀಗದ ಸುತ್ತ ಒಂದು ಬಿಲ್ಲೆ, ಹಿಡಿಗಳು, ಹೆಚ್ಚುಕಮ್ಮಿ ಅಷ್ಟೇ. ಮೆಯ್ಜಿ ಕಾಲದಲ್ಲಿ (1868–1912) ಕಟ್ಟುಪಾಡು ಹೋಯಿತು. ಮುಂದೆ ಕಾರ್ಖಾನೆಯ ತೆಳು ತಗಡೂ ಸಿಗತೊಡಗಿತು. ಅದನ್ನು ಕತ್ತರಿಸುವುದು, ತಟ್ಟಿ ಉಬ್ಬಿಸುವುದು ಸುಲಭ. ಡ್ರ್ಯಾಗನ್‌ಗಳು ಪೆಟ್ಟಿಗೆಯ ಮೈತುಂಬ ಹರಡಿದ್ದು ಆಗಲೇ. ಹಾಗಂತ ಅದು ಕೀಳು ಕೆಲಸ ಅಲ್ಲ. ಒಳ್ಳೆಯ ಸೆಂಡೈ ತಾನ್ಸುವಿನಲ್ಲಿ ಡ್ರ್ಯಾಗನ್ನಿನ ಒಂದೊಂದು ಹುರುಪೆಯನ್ನೂ ಉಳಿಯಿಂದ ಹೊಡೆದು ಮೂಡಿಸಿರುತ್ತಾರೆ. ನನಗಂತೂ ಎಷ್ಟು ನೋಡಿದರೂ ಸಾಲದು.

ವಯಸ್ಸು ತಿಳಿಯಬೇಕಾದರೆ ಮುಂಭಾಗ ಬಿಟ್ಟು ಒಳಗೆ ನೋಡಿ. ಒಂದು ಡ್ರಾಯರನ್ನು ಪೂರ್ತಿ ಎಳೆದು ಹೊರಗಿಡಿಸಿ. ಹಿಡಿಯನ್ನು ಕೂರಿಸಿರುವ ಕಬ್ಬಿಣದ ಪಿನ್ನು ಹಲಗೆ ತೂರಿ ಒಳಗೆ ಬಂದಿರುತ್ತದೆ. ಅದರ ಎರಡು ಕಾಲನ್ನು ಅಗಲಿಸಿ, ಮಡಚಿ, ಮರಕ್ಕೆ ಬಡಿದಿದ್ದರೆ ಅದು ಹಳೆಯ ಪದ್ಧತಿ. ನಟ್ಟು-ಬೋಲ್ಟು ಕಂಡರೆ ಹಿಡಿ ಆಮೇಲೆ ಹಾಕಿದ್ದು. ಪಕ್ಕದಲ್ಲಿ ಮುಚ್ಚಿದ ತೂತು ಇದೆಯಾ ನೋಡಿ, ಇದ್ದರೆ ಬೇರೆ ಹಿಡಿ ಇತ್ತು ಅಂತಲೇ ಅರ್ಥ. ಹೊರಗಡೆ, ನೇತಾಡುವ ಹಿಡಿ ವರ್ಷಗಟ್ಟಲೆ ಬಡಿದ ಕಡೆ ಸಣ್ಣ ಗುಳಿ ಬಿದ್ದಿರುತ್ತದೆ. ಹಿಡಿಯ ತುದಿ ಆ ಗುಳಿಗೆ ಸರಿಯಾಗಿ ಕೂರಬೇಕು. ಬಿಲ್ಲೆಯ ಅಂಚಿನಾಚೆ ಬೇರೆ ಆಕಾರದ ನೆರಳಿನಂಥ ಗುರುತಿದ್ದರೂ ಅನುಮಾನಪಡಿ.

ಮೆರುಗಿನ ವಿಷಯ. ಸೆಂಡೈ ಪೆಟ್ಟಿಗೆಗೆ ಸಾಮಾನ್ಯವಾಗಿ ಮುಂದೆ ಕೆಯಾಕಿ ಮರ, ಅದರ ಮೇಲೆ ಮರದ ಗೆರೆ ಕಾಣುವಂಥ ಉರುಶಿ ಮೆರುಗು, ಅಂದರೆ ಉರುಶಿ ಮರದ ಹಾಲಿನಿಂದ ಮಾಡಿದ್ದು. ರಿಪೇರಿಯಾದವಕ್ಕೆ ಉರುಶಿ ಬದಲು ‘ಕಶೂ’ ಬಳಿದಿರುವುದೂ ಉಂಟು. ಅದು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡಿದ್ದು. ನಮ್ಮ ಕರಾವಳಿಯ ಗೇರುಮರವೂ ಉರುಶಿ ಮರವೂ ಒಂದೇ ಕುಟುಂಬದವು. ಗೇರು ಸಿಪ್ಪೆಯ ಎಣ್ಣೆ ಮೈಗೆ ತಾಗಿದರೆ ಹೇಗೆ ಬೊಬ್ಬೆ ಏಳುತ್ತದೆ ಅಂತ ಮಂಗಳೂರು ಕಡೆಯವರಿಗೆ ಗೊತ್ತು, ಹಸಿ ಉರುಶಿಯೂ ಹಾಗೇ. ಕಶೂ ಬಳಿದಿದ್ದು ತಪ್ಪಲ್ಲ, ಆದರೆ ಮೂಲ ಉರುಶಿಯ ಬೆಲೆ ಕೇಳಬಾರದು ಅಲ್ವಾ? ಕಬ್ಬಿಣದ ಅಂಚಿನ ಮೇಲೂ ಮೆರುಗು ಹತ್ತಿದ್ದರೆ, ಬಿಲ್ಲೆ ಬಿಚ್ಚದೆ ಅವಸರದಲ್ಲಿ ಬಳಿದಿದ್ದಾರೆ ಅಂತ ತಿಳಿಯಿರಿ.

ಕೊಂಡ ಮೇಲೆ ಕಬ್ಬಿಣಕ್ಕೆ ಮರಳು ಕಾಗದ, ತುಕ್ಕು ತೆಗೆಯುವ ದ್ರಾವಣ ಹಾಕಲೇಬೇಡಿ. ಆ ಕಪ್ಪು ಬಣ್ಣ ಕೊಳೆಯಲ್ಲ. ತುಕ್ಕು ಹಿಡಿಯದಿರಲಿ ಅಂತ ಕಬ್ಬಿಣ ಕಾಯಿಸಿ ಉರುಶಿ ಹತ್ತಿಸುವುದು ಅಲ್ಲಿನ ಪದ್ಧತಿ. ಒಣ ಹತ್ತಿಬಟ್ಟೆ ಸಾಕು. ನೇರ ಬಿಸಿಲು, ಎಸಿ ಗಾಳಿ ಎರಡೂ ಬೀಳದ ಕಡೆ ಇಡಿ.

ನಾನಾಗಿದ್ದರೆ, ಪಿನ್ನುಗಳು ಮೂಲದವೇ ಆಗಿದ್ದರೆ ಆ ಸಾದಾ ಪೆಟ್ಟಿಗೆಯನ್ನೇ ಕೊಳ್ಳುತ್ತಿದ್ದೆ. ಡ್ರ್ಯಾಗನ್ ಇರುವುದೇ ಮನಸ್ಸಿಗೆ ಹಿಡಿದಿದ್ದರೆ ಧಾರಾಳವಾಗಿ ತಗೊಳ್ಳಿ. ಆದರೆ ಮೆಯ್ಜಿ ಕಾಲದ್ದು ಅಂತಲೇ ತಿಳಿದು, ಅದಕ್ಕೆ ತಕ್ಕ ಹಾಗೆ ಚೌಕಾಸಿ ಮಾಡಿ.